ಬಾಡಿಗೆಯ ಲೆಕ್ಕಕ್ಕೆ ಸಿಗದ ದೂರ

ಒಂದು ಲಾರಿ ದಿನಕ್ಕೆ ಎಷ್ಟು ದೂರ ಸಾಗಬೇಕು ಎಂಬುದಕ್ಕೆ ನಮ್ಮ ಸರ್ಕಾರಿ ನಿಯಮಗಳಲ್ಲಿ ಸ್ಪಷ್ಟವಾದ ಲೆಕ್ಕವಿದೆ. ಐವತ್ತು ಸಾವಿರ ರೂಪಾಯಿಗೂ ಮೀರಿದ ಸರಕಿನ ಜೊತೆಗಿರಬೇಕಾದ ಇ-ವೇ ಬಿಲ್ 2018ರಲ್ಲಿ ಜಾರಿಗೆ ಬಂದಾಗ, ಪ್ರತಿ 100 ಕಿಲೋಮೀಟರಿಗೆ ಒಂದು ದಿನದ ಅವಧಿ ಕೊಡುತ್ತಿತ್ತು. 2021ರ ಜನವರಿ 1ರಿಂದ ಅದನ್ನು 200 ಕಿಲೋಮೀಟರಿಗೆ ಒಂದು ದಿನವೆಂದು ಬಿಗಿಗೊಳಿಸಲಾಯಿತು. ಅವಧಿ ಮುಗಿದರೆ ದಂಡ. ಸರಕಿನ ಪಯಣಕ್ಕೆ ಇಷ್ಟು ನಿಖರವಾದ ಗಡುವು ಗೊತ್ತುಮಾಡಿರುವ ದೇಶದಲ್ಲಿ, ಆ ಸರಕನ್ನು ಹೊತ್ತೊಯ್ಯುವ ಚಾಲಕ ಎಷ್ಟು ದಿನಕ್ಕೊಮ್ಮೆ ತನ್ನ ಮನೆಯ ಹೊಸಿಲು ತುಳಿಯಬೇಕು ಎಂಬುದಕ್ಕೆ ಮಾತ್ರ ಯಾವ ಗಡುವೂ ಇಲ್ಲ. ಅದು ಅವನ ಖಾಸಗಿ ವಿಷಯವೆಂದು ಎಲ್ಲರೂ ಒಪ್ಪಿಕೊಂಡಂತಿದೆ.

ತೊಂಬತ್ತರ ದಶಕದಲ್ಲಿ ಕೆಲವು ವರ್ಷ ನಾನು ಗಡಿಯ ತನಿಖಾ ಠಾಣೆಯೊಂದರಲ್ಲಿ ಕೆಲಸ ಮಾಡಿದವನು. ಕಾಗದಪತ್ರ ಸರಿಯಿದ್ದ ಲಾರಿಗಳೂ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಿದ್ದ ಕಾಲ. ಎರಡು ಲಾರಿಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದು, ಹಿಂದಿನ ಚಕ್ರದ ಮರೆಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಅನ್ನ ಬೇಯಿಸುವುದು ಅಲ್ಲಿನ ನಿತ್ಯದ ನೋಟವಾಗಿತ್ತು. ರಾತ್ರಿ ದರ ಇಳಿಯುವ ಹೊತ್ತಿಗಾಗಿ ಕಾದು ಎದುರಿನ ಎಸ್‌ಟಿಡಿ ಬೂತಿನ ಮುಂದೆ ಚಾಲಕರು ಸಾಲುಗಟ್ಟುತ್ತಿದ್ದರು. ಪಕ್ಕದ ಮನೆಯ ಫೋನಿಗೆ ಕರೆಮಾಡಿ, ಹೆಂಡತಿಯನ್ನು ಕರೆಯಲು ಹೋದವರು ಬರುವಷ್ಟರಲ್ಲಿ ಮೀಟರು ಓಡುತ್ತಿತ್ತು. ಈ ಕಾಯುವಿಕೆಯಿಂದ ದೇಶಕ್ಕಾಗುವ ನಷ್ಟದ ಬಗ್ಗೆ ವಿಚಾರಸಂಕಿರಣಗಳು ನಡೆಯುತ್ತಿದ್ದವು. ಅಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಇಂಧನ, ಬಂಡವಾಳದ ಬಡ್ಡಿ, ಕೊಳೆಯುವ ತರಕಾರಿ ಇಷ್ಟೇ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ದೇಶದ ಬಹುತೇಕ ಕಡೆ ತೆರಿಗೆಯ ಠಾಣೆಗಳು ಎದ್ದುಹೋದವು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲ್ ಗೇಟಿನ ಸಾಲೂ ಕರಗಿತು. ರಸ್ತೆಗಳು ಅಗಲವಾದವು. ಹೀಗೆ ಉಳಿದ ಸಮಯ ಯಾರ ಪಾಲಿಗೆ ಹೋಯಿತು ಎಂಬುದು ನಾನು ಬಹಳ ದಿನದಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ. ದೂರದ ಲಾರಿಯ ಚಾಲಕನಿಗೆ ಸಿಗುವ ಹಣದ ದೊಡ್ಡ ಭಾಗ ಟ್ರಿಪ್ಪಿನ ಲೆಕ್ಕದ ಬಾಟಾ. ಲಾರಿಯ ಮಾಲೀಕನಿಗೆ ತಿಂಗಳ ಕಂತು ತಪ್ಪದು. ನಿಂತ ಲಾರಿ ಇಬ್ಬರಿಗೂ ನಷ್ಟ. ಹೀಗಾಗಿ ಹದಿನೆಂಟು ದಿನದ ಟ್ರಿಪ್ಪು ಹದಿನಾಲ್ಕು ದಿನಕ್ಕಿಳಿದಾಗ ಉಳಿದ ನಾಲ್ಕು ದಿನ ಚಾಲಕನ ಮನೆಗೆ ಹೋಗಲಿಲ್ಲ. ಮುಂದಿನ ಲೋಡಿಗೆ ಹೋಯಿತು. ಉತ್ಪಾದಕತೆ ಹೆಚ್ಚಿತೆಂದು ನಾವು ಬರೆದುಕೊಂಡೆವು, ಅದು ಸುಳ್ಳೂ ಅಲ್ಲ.

ಚಾಲಕರ ಹಿತಕ್ಕೆಂದು ಏನೂ ನಡೆದಿಲ್ಲವೆಂದರೆ ಅನ್ಯಾಯವಾದೀತು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಮೇ ತಿಂಗಳಲ್ಲಿ ಎಂಜಿನ್ನಿನ ಪಕ್ಕ ಕುಳಿತು ಬಳ್ಳಾರಿ, ರಾಯಚೂರು ದಾಟಿದವರಿಗೆ ಇದರ ಬೆಲೆ ಗೊತ್ತು. ತೈಲ ಕಂಪನಿಗಳು ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಚಾಲಕರಿಗಾಗಿ ಹಾಸಿಗೆ, ಸ್ನಾನಗೃಹ, ಅಡುಗೆಯ ಜಾಗಗಳಿರುವ ತಂಗುದಾಣಗಳನ್ನು ತೆರೆದಿವೆ. ಅವುಗಳಿಗೆ ಇಟ್ಟ ಹೆಸರು ‘ಅಪ್ನಾ ಘರ್’. ಒಳ್ಳೆಯ ಉದ್ದೇಶದ, ಉಪಯುಕ್ತವಾದ ಕೆಲಸ. ಆದರೆ ಸ್ವಂತ ಮನೆಯಿಂದ ಸಾವಿರ ಕಿಲೋಮೀಟರು ದೂರದ ಬಂಕಿನಲ್ಲಿರುವ ಮಂಚಕ್ಕೆ ‘ನಮ್ಮ ಮನೆ’ ಎಂದು ಹೆಸರಿಟ್ಟವರು ಒಂದು ಕ್ಷಣ ಯೋಚಿಸಬಹುದಿತ್ತು. ಹೆದ್ದಾರಿಯ ಬದುಕನ್ನು ಸಹ್ಯವಾಗಿಸುವುದು ಒಂದು ನೀತಿ; ಹೆದ್ದಾರಿಯಿಂದ ಮನೆಗೆ ದಾರಿ ಮಾಡಿಕೊಡುವುದು ಇನ್ನೊಂದು. ನಮ್ಮಲ್ಲಿ ಮೊದಲನೆಯದು ಮಾತ್ರ ಆರಂಭವಾಗಿದೆ. ಎರಡನೆಯದನ್ನು ಚಾಲಕರು ತಾವೇ, ತಮ್ಮ ಖರ್ಚಿನಲ್ಲಿ ಮಾಡಿಕೊಳ್ಳುತ್ತಿದ್ದಾರೆ.

ಹಾಗೆ ಮಾಡಿಕೊಂಡವರೊಬ್ಬರನ್ನು ನಾನು ಬಲ್ಲೆ. ನಿವೃತ್ತಿಯ ನಂತರ ನಾನು ನೆಲೆಸಿರುವುದು ತುಮಕೂರಿನಲ್ಲಿ. ನಮ್ಮ ಬಡಾವಣೆಯ ಬೂತಿಗೆ ಬೆಳಗಿನ ಜಾವ ಹಾಲಿನ ಕ್ರೇಟುಗಳನ್ನು ಇಳಿಸುವ ವ್ಯಾನಿನ ಚಾಲಕರವರು. ಶಿರಾ ಕಡೆಯವರು, ವಯಸ್ಸು ನಲವತ್ತೈದರ ಆಸುಪಾಸು. ಹತ್ತೊಂಬತ್ತು ವರ್ಷ ದೂರದ ಲಾರಿ ಓಡಿಸಿದವರು. ಅದರಲ್ಲಿ ಹೆಚ್ಚಿನ ಕಾಲ ಬೆಂಗಳೂರಿನಿಂದ ದೆಹಲಿಗೆ, ಅಂದರೆ ಹೋಗಲು 2,100 ಕಿಲೋಮೀಟರಿಗೂ ಮಿಕ್ಕು, ಬರಲು ಅಷ್ಟೇ. ನಡುವೆ ವಾಪಸು ಲೋಡಿಗಾಗಿ ಬ್ರೋಕರನ ಆಫೀಸಿನ ಮುಂದೆ ಮೂರೋ ನಾಲ್ಕೋ ದಿನ. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಾಗಪುರದ ಹೊರವಲಯದಲ್ಲಿ ಸಿಕ್ಕಿಕೊಂಡು ಮೂರು ವಾರ ಲಾರಿಯಲ್ಲೇ ಕಳೆದರು. ಅದಕ್ಕೂ ಅವರು ಕೆಲಸ ಬಿಡಲಿಲ್ಲ. ಮರುವರ್ಷ ತಂದೆ ತೀರಿಕೊಂಡಾಗ ಇಂದೋರಿನಲ್ಲಿದ್ದರು. ಲೋಡನ್ನು ದಾರಿಯಲ್ಲಿ ಬಿಟ್ಟು ರೈಲು ಹತ್ತುವಂತಿಲ್ಲ. ಮಾಲೀಕರು ಕಳಿಸಿದ ಬದಲಿ ಚಾಲಕ ಬಂದು ಸೇರಲು ಎರಡು ದಿನ ಹಿಡಿಯಿತು. ಊರು ಮುಟ್ಟಿದ್ದು ಐದನೆಯ ದಿನ. “ಮಣ್ಣಿಗಿರಲಿ, ಹಾಲು-ತುಪ್ಪಕ್ಕೂ ಸಿಗಲಿಲ್ಲ ಸಾರ್, ಎಲ್ಲಾ ನನ್ನ ತಮ್ಮನೇ ಮಾಡ್ದ” ಎಂದು ಅವರು ಹೇಳಿದ್ದು ಕ್ರೇಟು ಎತ್ತಿಡುತ್ತಲೇ, ದನಿಯಲ್ಲಿ ಏರಿಳಿತವಿಲ್ಲದೆ. ತಿಥಿ ಮುಗಿಸಿ ಒಂದೆರಡು ಟ್ರಿಪ್ಪು ಹೋಗಿಬಂದು, 2022ರಲ್ಲಿ ಹಾಲಿನ ವ್ಯಾನಿಗೆ ಸೇರಿದರು.

ವೃತ್ತಿದೋಷವೆನ್ನಿ, ನಾನು ಅವರ ಜಮಾಖರ್ಚು ಕೇಳಿದೆ. ಲಾರಿಯಲ್ಲಿ ಬಾಟಾ, ಸಂಬಳ ಎಲ್ಲ ಸೇರಿ, ದಾರಿಯ ಊಟ-ತಿಂಡಿ ಕಳೆದು, ತಿಂಗಳಿಗೆ ಸರಾಸರಿ 32 ಸಾವಿರ ಮನೆಗೆ ತಲುಪುತ್ತಿತ್ತು. ವ್ಯಾನಿನಲ್ಲಿ ಸಿಗುವುದು 19 ಸಾವಿರ. ವ್ಯತ್ಯಾಸ 13 ಸಾವಿರ. ವರ್ಷಕ್ಕೆ 1 ಲಕ್ಷ 56 ಸಾವಿರ. ಮೊದಲು ವರ್ಷಕ್ಕೆ ಹೆಚ್ಚೆಂದರೆ ಅರವತ್ತು ರಾತ್ರಿ ಮನೆಯಲ್ಲಿರುತ್ತಿದ್ದರಂತೆ. ಈಗ ದಿನವೂ ಇರುತ್ತಾರೆ. ಅಂದರೆ ಹೊಸದಾಗಿ ದಕ್ಕಿದ ಮುನ್ನೂರು ಚಿಲ್ಲರೆ ರಾತ್ರಿಗಳಿಗೆ, ರಾತ್ರಿಯೊಂದಕ್ಕೆ ಸುಮಾರು 510 ರೂಪಾಯಿಯಂತೆ ಆ ಕುಟುಂಬ ಬೆಲೆ ಕಟ್ಟುತ್ತಿದೆ. ಅದೂ ಪೂರ್ತಿ ರಾತ್ರಿಯಲ್ಲ. ಡೇರಿಯಲ್ಲಿ ಲೋಡಿಂಗ್ ಶುರುವಾಗುವುದು ಎರಡೂವರೆಗೆ. ಅವರು ಎರಡಕ್ಕೇ ಎದ್ದು ಹೊರಡುತ್ತಾರೆ. ಬೆಳಿಗ್ಗೆ ಒಂಬತ್ತೂವರೆಗೆ ಮನೆಗೆ ಬಂದರೆ ಮಕ್ಕಳು ಶಾಲೆಗೆ ಹೋಗಿರುತ್ತಾರೆ. ಉಂಡು ಮಲಗಿ ನಾಲ್ಕಕ್ಕೆ ಎದ್ದರೆ, ರಾತ್ರಿ ಎಂಟೂವರೆಗೆ ಮತ್ತೆ ಮಲಗುವವರೆಗಿನ ಹೊತ್ತು ಸಂಸಾರದ್ದು. ಒಟ್ಟು ನಾಲ್ಕೂವರೆ ಗಂಟೆ.

ಆ ನಾಲ್ಕೂವರೆ ಗಂಟೆ ಮೊದಲ ವರ್ಷ ಸುಖದ್ದೇ ಆಗಿರಲಿಲ್ಲ ಎಂಬುದನ್ನು ಅವರಿಗಿಂತ ಅವರ ಪತ್ನಿ ಚೆನ್ನಾಗಿ ವಿವರಿಸಿದರು. ಹತ್ತೊಂಬತ್ತು ವರ್ಷ ಮನೆ ನಡೆಸಿದವರು ಅವರು. ಮಕ್ಕಳ ಶಾಲೆ, ಅತ್ತೆಮಾವಂದಿರ ಆಸ್ಪತ್ರೆ, ಸ್ತ್ರೀಶಕ್ತಿ ಸಂಘದ ಸಾಲ, ಊರಿನ ಜಮೀನಿನ ಪಹಣಿಗಾಗಿ ನಾಡಕಚೇರಿಗೆ ಅಲೆದಾಟ ಎಲ್ಲವೂ ಅವರದೇ. ತಿಂಗಳಿಗೊಮ್ಮೆ ಬಂದು ಮೂರು ದಿನವಿದ್ದು ಹೋಗುವ ಗಂಡ ಹಬ್ಬದ ನೆಂಟನಂತೆ. ಬಂದಾಗ ಕೋಳಿ, ಹೋಗುವಾಗ ಚಕ್ಕುಲಿ ಡಬ್ಬ. ದಿನವೂ ಮನೆಯಲ್ಲಿರುವ ಗಂಡ ಬೇರೆಯೇ ಪ್ರಾಣಿ. ಟೀವಿ ಯಾಕೆ ಹಾಕಿದಿರಿ, ಮಗಳು ಟ್ಯೂಷನ್ನಿನಿಂದ ಯಾಕೆ ತಡ, ಚೀಟಿ ಹಣ ಎಲ್ಲಿ ಹೋಯಿತು ಎಂದು ಕೇಳತೊಡಗಿದಾಗ ಮನೆಯಲ್ಲಿ ಕಾವೇರಿತು. “ಇವರು ಲಾರಿಗೇ ವಾಪಸ್ ಹೋದ್ರೆ ಸಾಕಪ್ಪಾ ಅಂತ ದೇವರಿಗೆ ಹೇಳ್ಕೊಂಡಿದ್ದೆ” ಎಂದು ನಗುತ್ತಾರೆ. ಚಿಕ್ಕ ಮಗ ಶಾಲೆಯ ಡೈರಿಗೆ ಅಮ್ಮನ ಸಹಿಯನ್ನೇ ಹಾಕಿಸಿಕೊಂಡು ಹೋಗುತ್ತಿದ್ದ. ಅಪ್ಪನಿಗೆ ಕೊಡಬಹುದೆಂದು ಅವನಿಗೆ ತೋಚಲು ಆರು ತಿಂಗಳು ಬೇಕಾಯಿತು. ಈಗ ಸಂಜೆ ಮಗ್ಗಿ ಒಪ್ಪಿಸುವುದು ಅಪ್ಪನ ಮುಂದೆ. ನಾಗಪುರ, ಝಾನ್ಸಿ, ಗ್ವಾಲಿಯರ್‌ಗಳ ನಡುವಿನ ಅಂತರಗಳನ್ನು ಕೂಡಿಸಿ ಕಳೆಯುವುದೇ ಅವರ ಪಾಠಕ್ರಮ.

ಈ ಕುಟುಂಬಕ್ಕೆ ಕಡಿಮೆಯಾದ ಹದಿಮೂರು ಸಾವಿರದಲ್ಲಿ ಎರಡು ಸಾವಿರವನ್ನು 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ತುಂಬಿಕೊಟ್ಟಿತು. ಪತ್ನಿಯ ಹೊಲಿಗೆ ಯಂತ್ರ ಇನ್ನಷ್ಟನ್ನು. ಇಂಥ ಯೋಜನೆಗಳಿಂದ ದುಡಿಯುವವರು ಸೋಮಾರಿಗಳಾಗುತ್ತಾರೆ ಎಂಬ ವಾದವನ್ನು ನನ್ನ ಬೆಳಗಿನ ವಾಕಿಂಗಿನ ಗೆಳೆಯರು ದಿನವೂ ಮಂಡಿಸುತ್ತಾರೆ. ರಾಜ್ಯದ ಬೊಕ್ಕಸದ ಮೇಲಿನ ಹೊರೆಯ ಬಗ್ಗೆ ನನಗೂ ಅವರಷ್ಟೇ ಆತಂಕವಿದೆ. ಆದರೆ ಆದಾಯ ಇಳಿದುದೆಲ್ಲ ಸೋಮಾರಿತನವಲ್ಲ. ಬೆಳಗಿನ ಜಾವ ಎರಡಕ್ಕೆ ಏಳುವವನನ್ನು ಸೋಮಾರಿ ಎನ್ನಲು ನಾಲಗೆ ಏಳಬೇಕಲ್ಲ.

ಕಷ್ಟದ, ಅಹಿತಕರವಾದ ಕೆಲಸಕ್ಕೆ ಕೂಲಿ ಹೆಚ್ಚಿರುತ್ತದೆ ಎಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ವಾದಿಸಿದ್ದ. ಎಂ.ಎ. ತರಗತಿಯಲ್ಲಿ ಇದನ್ನು ನಾವು ಚಂದವಾದ ರೇಖಾಚಿತ್ರವಾಗಿ ಬಿಡಿಸುತ್ತಿದ್ದೆವು. ದೂರದ ಲಾರಿಗೂ ಊರೊಳಗಿನ ವ್ಯಾನಿಗೂ ಇರುವ 13 ಸಾವಿರದ ಅಂತರ ಆ ಸಿದ್ಧಾಂತಕ್ಕೆ ಹೊಂದುತ್ತದೆ. ಆದರೆ ಆ ಹೆಚ್ಚುವರಿ ಕೂಲಿ ತಲುಪುವುದು ಸ್ಟಿಯರಿಂಗ್ ಹಿಡಿದವನಿಗೆ. ಅವನಿಲ್ಲದ ಮನೆಯಲ್ಲಿ ಇಬ್ಬರ ಕೆಲಸ ಮಾಡುವ ಹೆಂಗಸಿಗೆ ಯಾರೂ ಬಾಟಾ ಕೊಡುವುದಿಲ್ಲ. ದೆಹಲಿಯಿಂದ ಬಂದ ಸರಕನ್ನು ನಾವು ಅಗ್ಗವಾಗಿ ಕೊಳ್ಳುವುದರ ಹಿಂದೆ ಈ ಲೆಕ್ಕಕ್ಕೆ ಬಾರದ ದುಡಿಮೆ ಇದೆ. ಬಾಡಿಗೆಯ ಚೀಟಿಯಲ್ಲಿ ಡೀಸೆಲ್, ಟೋಲ್, ಹಮಾಲಿ ಎಲ್ಲವೂ ಬರುತ್ತದೆ, ಇದೊಂದರ ಹೊರತು.

ಹಾಗೆಂದು ಲೋಕಲ್ ಗಾಡಿಗೆ ಬಂದವರೆಲ್ಲ ಮನೆಗೆ ಬಂದಂತೆ ಎಂದುಕೊಳ್ಳಬೇಕಿಲ್ಲ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಮೇಲೆ ಊರೊಳಗಿನ ಸರಕು ಸಾಗಣೆಯೇ ಒಂದು ದೊಡ್ಡ ಉದ್ಯೋಗಕ್ಷೇತ್ರವಾಗಿ ಬೆಳೆಯಿತು. ‘ಛೋಟಾ ಹಾಥಿ’ ಎಂದು ಉತ್ತರದಲ್ಲಿ ಕರೆಸಿಕೊಂಡ ಆ ಪುಟ್ಟ ಗಾಡಿ ಎಷ್ಟೋ ಹಳ್ಳಿಯ ಹುಡುಗರನ್ನು ಹೆದ್ದಾರಿಗೆ ಹೋಗದಂತೆ ಉಳಿಸಿಕೊಂಡಿದೆ. ಸಾಮಾನ್ಯ ಲಘು ವಾಹನದ ಪರವಾನಗಿ ಇದ್ದವರು 7,500 ಕಿಲೋ ಒಳಗಿನ ಸಾಗಣೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಒಳಬರಲು ಬಾಗಿಲು ಅಗಲವಾಗಿದೆ ನಿಜ. ಒಳಗೆ ಬಂದವರ ದಿನಚರಿ ಬೇರೆ ಕಥೆ. ಬೆಂಗಳೂರಿನಲ್ಲಿ ಹಗಲಿನ ದಟ್ಟಣೆಯ ಹೊತ್ತು ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಇದರಿಂದ ನಮ್ಮ ಕಾರುಗಳಿಗೆ ಅನುಕೂಲ. ಮಣ್ಣು, ಜಲ್ಲಿ, ಕಾಂಕ್ರೀಟು ಸಾಗಿಸುವವರ ದುಡಿಮೆ ಮಾತ್ರ ರಾತ್ರಿಗೆ ಸರಿಯುತ್ತದೆ. ಮನೆ ಹತ್ತು ಕಿಲೋಮೀಟರಿನಲ್ಲೇ ಇದ್ದರೂ ಮಕ್ಕಳು ಎದ್ದಿರುವಾಗ ಅಪ್ಪ ನಿದ್ದೆಯಲ್ಲಿ, ಅಪ್ಪ ಎದ್ದಾಗ ಮಕ್ಕಳು ನಿದ್ದೆಯಲ್ಲಿ. ಟ್ಯಾಕ್ಸಿಗೆ ಹೋದವರು ಸಾಲದ ಕಂತಿಗಾಗಿ ಹದಿನಾಲ್ಕು ಗಂಟೆ ಓಡಿಸುತ್ತಾರೆ. ದೂರ ಕಡಿಮೆಯಾದರೆ ಸಾಲದು, ಹೊತ್ತೂ ಕಡಿಮೆಯಾಗಬೇಕು.

ಹೊತ್ತಿಗೆ ಮಿತಿ ಹಾಕುವ ಕಾನೂನು ನಮ್ಮಲ್ಲಿ ಇರಲಿಲ್ಲವೇ? ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಗೊತ್ತುಮಾಡಿತ್ತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದರೂ ದಿನಕ್ಕೆ ಹತ್ತು, ವಾರಕ್ಕೆ ಐವತ್ತನಾಲ್ಕನ್ನು ಮೀರುವಂತಿರಲಿಲ್ಲ. ವಾರಕ್ಕೊಂದು ರಜೆಯೂ ಉಂಟು. ಆದರೆ ಅದು ಅನ್ವಯಿಸುತ್ತಿದ್ದುದು ಐವರು ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಸಾರಿಗೆ ಉದ್ದಿಮೆಗಳಿಗೆ. ನಮ್ಮ ಲಾರಿಗಳ ದೊಡ್ಡ ಪಾಲು ಒಂದೋ ಎರಡೋ ಗಾಡಿ ಇಟ್ಟುಕೊಂಡ ಸಣ್ಣ ಮಾಲೀಕರದು. ಎಷ್ಟೋ ಕಡೆ ಮಾಲೀಕನೇ ಚಾಲಕ. ಹೀಗಾಗಿ ಕಾಯ್ದೆಯ ಬಲೆಗೆ ಬಿದ್ದವರು ಕಡಿಮೆ, ಬಿದ್ದವರನ್ನು ಎತ್ತಿ ನೋಡಿದವರು ಇನ್ನೂ ಕಡಿಮೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆ ವಿಲೀನವಾಯಿತು. ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ಸಾರಿಗೆ ಉದ್ದಿಮೆಯ ಮಿತಿ ಹತ್ತು ಕಾರ್ಮಿಕರು. ಐದರ ಜರಡಿಯಲ್ಲೇ ಸೋರಿಹೋಗುತ್ತಿದ್ದವರಿಗೆ ಹತ್ತರ ಜರಡಿ ಹಿಡಿದಿದ್ದೇವೆ. ಈ ಬದಲಾವಣೆಯ ಬಗ್ಗೆ ಪತ್ರಿಕೆಗಳಲ್ಲಿ ನಡೆದ ಚರ್ಚೆಯಲ್ಲಿ ಲಾರಿ ಚಾಲಕರ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ.

ಐರೋಪ್ಯ ಒಕ್ಕೂಟದ ಉದಾಹರಣೆ ಕೊಟ್ಟರೆ ‘ಅದು ಶ್ರೀಮಂತ ದೇಶಗಳ ಮಾತು’ ಎನ್ನುವವರಿದ್ದಾರೆ. ಆದರೂ ಹೇಳುತ್ತೇನೆ. 2020ರ ಆಗಸ್ಟಿನಿಂದ ಅಲ್ಲಿರುವ ನಿಯಮದಂತೆ, ನಾಲ್ಕು ವಾರಗಳ ಪ್ರತಿ ಅವಧಿಯಲ್ಲಿ ಒಮ್ಮೆಯಾದರೂ ಚಾಲಕ ತನ್ನ ಮನೆಗೆ ಅಥವಾ ಸಂಸ್ಥೆಯ ನೆಲೆಗೆ ಮರಳಲು ಸಾಧ್ಯವಾಗುವಂತೆ ಕೆಲಸವನ್ನು ಹಂಚುವುದು ಕಂಪನಿಯ ಹೊಣೆ. ವಾರದ ಪೂರ್ಣ ವಿಶ್ರಾಂತಿಯನ್ನು ಲಾರಿಯ ಕ್ಯಾಬಿನ್ನಿನಲ್ಲಿ ಕಳೆಯುವಂತೆಯೂ ಇಲ್ಲ. ಪೋಲೆಂಡ್, ರೊಮೇನಿಯಾಗಳಿಂದ ಬಂದ ಚಾಲಕರು ತಿಂಗಳುಗಟ್ಟಲೆ ಜರ್ಮನಿ, ಫ್ರಾನ್ಸ್‌ಗಳ ರಸ್ತೆಬದಿಯಲ್ಲೇ ಬದುಕುತ್ತಿದ್ದುದು ಇದರ ಹಿನ್ನೆಲೆ. ಮನೆಗೆ ಹೋಗುವುದು ಖಾಸಗಿ ವಿಷಯವಲ್ಲ, ಕೆಲಸದ ಷರತ್ತು ಎಂದು ಕಾನೂನಿನ ಭಾಷೆಯಲ್ಲಿ ಬರೆದದ್ದು ಅದರ ಹೆಚ್ಚುಗಾರಿಕೆ. ಇದಕ್ಕೆ ಬೇಕಾದದ್ದು ಶ್ರೀಮಂತಿಕೆಗಿಂತ ಹೆಚ್ಚಾಗಿ ವೇಳಾಪಟ್ಟಿ.

ವೇಳಾಪಟ್ಟಿ ನಮಗೆ ಹೊಸದೂ ಅಲ್ಲ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಆರಂಭಿಸಿದ ಮೈಸೂರು ಅಂಚೆಯಲ್ಲಿ ಒಬ್ಬ ಓಟಗಾರ ಚೀಲವನ್ನು ಮುಂದಿನ ನಿಲ್ದಾಣದವರೆಗೆ ಒಯ್ದು ಇನ್ನೊಬ್ಬನ ಕೈಗಿಡುತ್ತಿದ್ದ. ಚೀಲ ಊರೂರು ದಾಟುತ್ತಿತ್ತು; ಓಟಗಾರ ತನ್ನ ಸೀಮೆಯಲ್ಲೇ ಉಳಿಯುತ್ತಿದ್ದ. ನಮ್ಮ ಕಾಲದಲ್ಲಿ ರಿವಿಗೋ ಎಂಬ ಗುರುಗ್ರಾಮದ ಕಂಪನಿ ಲಾರಿಗಳಿಗೆ ಇದೇ ವಿಧಾನ ತಂದಿತು. ನಾಲ್ಕೈದು ಗಂಟೆ ಓಡಿಸಿದ ಚಾಲಕ ಗಾಡಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಎದುರಿನಿಂದ ಬಂದ ಮತ್ತೊಂದು ಗಾಡಿಯಲ್ಲಿ ಅದೇ ದಿನ ಊರಿಗೆ ಮರಳುತ್ತಿದ್ದ. ಅದರ ಸರಕು ಸಾಗಣೆಯ ವ್ಯವಹಾರವನ್ನು 2022ರಲ್ಲಿ ಮಹೀಂದ್ರ ಲಾಜಿಸ್ಟಿಕ್ಸ್ ಕೊಂಡುಕೊಂಡಿತು. ವ್ಯಾಪಾರವಾಗಿ ಅದು ಗೆದ್ದಿತೋ ಸೋತಿತೋ, ಚಾಲಕ ದಿನವೂ ಮನೆಗೆ ಹೋಗುತ್ತಲೇ ದೂರದ ಲಾರಿ ನಡೆಸಬಹುದೆಂಬುದನ್ನು ತೋರಿಸಿಕೊಟ್ಟಿತು.

ನಮ್ಮ ಭೂಪಟವೂ ಇದಕ್ಕೆ ಒಲವು ತೋರಿಸುವಂತಿದೆ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ, ಅಲ್ಲಿಂದ ಕೊಲ್ಹಾಪುರಕ್ಕೆ ಪ್ರತಿಯೊಂದೂ ಸರಿಸುಮಾರು 200 ಕಿಲೋಮೀಟರು. ತುಮಕೂರಿನ ಚಾಲಕ ಚಿತ್ರದುರ್ಗಕ್ಕೆ ಹೋಗಿ ಗಾಡಿ ಬದಲಿಸಿ ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಹಾಗಾದರೆ ತೊಡಕೇನು? ಒಂದೇ ಲಾರಿಯ ಮಾಲೀಕನಿಗೆ ಎದುರಿನಿಂದ ಬರುವ ತನ್ನದೇ ಎರಡನೆಯ ಲಾರಿ ಇರುವುದಿಲ್ಲ. ಟೈರು, ಡೀಸೆಲ್, ಟಾರ್ಪಾಲು ಎಲ್ಲಕ್ಕೂ ಒಬ್ಬ ನಂಬಿಕಸ್ಥ ಚಾಲಕನೇ ಜವಾಬ್ದಾರನಾಗಿರುವಾಗ, ದಿನಕ್ಕೆ ಮೂವರ ಕೈ ಬದಲಾದರೆ ಸವೆದ ಟೈರಿಗೆ ಯಾರನ್ನು ಕೇಳುವುದು ಎಂಬ ಅವನ ಭಯ ನ್ಯಾಯವಾದದ್ದೇ. ಇದನ್ನು ಬಿಡಿಸಲು ಮಾಲೀಕರ ಸಹಕಾರಿ ಸಂಘಗಳು ಬೇಕು, ಗಾಡಿ ಬದಲಿಸುವಾಗ ಸ್ಥಿತಿಗತಿ ದಾಖಲಿಸುವ ವ್ಯವಸ್ಥೆ ಬೇಕು, ಹೆದ್ದಾರಿ ಬದಿಯಲ್ಲಿ ಜಾಗ ಬೇಕು. ಹಾಲಿಗೆ ಸಹಕಾರಿ ಸಂಘ ಕಟ್ಟಿದ ರಾಜ್ಯಕ್ಕೆ ಲಾರಿಗೆ ಕಟ್ಟುವುದು ಅಸಾಧ್ಯವೆಂದು ನಾನು ನಂಬಲಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ ಪ್ರತ್ಯೇಕ ಕಾಯ್ದೆ ಮಾಡಿದೆ. ಅಪಘಾತಕ್ಕೆ ಪರಿಹಾರ ಕೊಡುವಷ್ಟಕ್ಕೇ ನಿಲ್ಲದೆ, ಚಾಲಕ ಮನೆಗೆ ಮರಳುವ ಮಾರ್ಗಗಳನ್ನು ಒಂದೆರಡು ಹೆದ್ದಾರಿಯಲ್ಲಾದರೂ ಪ್ರಯೋಗಿಸಿ ನೋಡಲು ಅದೇ ವೇದಿಕೆಯಾಗಬಹುದು.

ಹಾಲಿನ ವ್ಯಾನಿನ ಚಾಲಕರ ಮಗಳು ಈ ವರ್ಷ ಹತ್ತನೆಯ ತರಗತಿ. ಗಣಿತದಲ್ಲಿ ಚುರುಕು, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಆಸೆ. ಸರ್ಕಾರಿ ಕಾಲೇಜಿಗೆ ಸೇರಿಸಿದರೂ ಕೋಚಿಂಗಿನ ಶುಲ್ಕದ ಅಂದಾಜನ್ನು ತಂದೆ ಈಗಾಗಲೇ ಕೇಳಿಕೊಂಡು ಬಂದಿದ್ದಾರೆ. ಕಳೆದ ತಿಂಗಳು ಅವರು ಒಂದು ಬೆಳಿಗ್ಗೆ ರಜೆ ಹಾಕಿ ಆರ್‌ಟಿಒ ಕಚೇರಿಗೆ ಹೋಗಿದ್ದರು. ಭಾರಿ ವಾಹನದ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೂರು ಟನ್ನಿನ ಹಾಲಿನ ವ್ಯಾನಿಗೆ ಅದರ ಅಗತ್ಯವಿಲ್ಲ. ಆದರೂ ನವೀಕರಿಸಿಟ್ಟಿದ್ದಾರೆ. ಹೆಂಡತಿಗೆ ಇನ್ನೂ ಹೇಳಿಲ್ಲವಂತೆ.